ಒದ್ದೆ ಹೆಬ್ಬೆರಳು

“ಹನ್ನೊಂದು ಹೊಡೆದ ತಕ್ಷಣ ಸಹಿ ಹಾಕ್ತೀನಿ. ಆಮೇಲೆ ಯಾರು ಬಂದು ಕೈ ಮುಗಿದರೂ ಅಷ್ಟೇ,” ಎಂದು ಪ್ರಾಂಶುಪಾಲರು ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು.

ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಭೂತಗನ್ನಡಿಗೆ ಉಳಿದಿದ್ದು ಐವತ್ತು ನಿಮಿಷ.

ಭೂತಗನ್ನಡಿ ಎಂದು ಹೆಸರಿದ್ದರೂ ಅವಳ ಕೈಯಲ್ಲಿ ಅಂಥದ್ದೊಂದು ಯಾವತ್ತೂ ಇರಲಿಲ್ಲ. ಮೂಗಿನ ಮೇಲಿನ ದಪ್ಪ ಕನ್ನಡಕ ನೋಡಿ ಶಾಲೆಯ ಗೆಳತಿಯರು ಕಟ್ಟಿದ ಹೆಸರದು. ದೊಡ್ಡವಳಾಗಿ ಕಳ್ಳರನ್ನು ಹುಡುಕಿಕೊಡುವ ಕೆಲಸ ಹಿಡಿದ ಮೇಲೆ ಊರಿಗೆ ಊರೇ ಆ ಹೆಸರನ್ನು ಖಾಯಂ ಮಾಡಿತ್ತು. ಬೇರೆಯವರ ಕೇಸಾಗಿದ್ದರೆ ಈ ಹೊತ್ತಿಗೆ ಎರಡು ಜೋಕು ಹಾರಿಸಿರುತ್ತಿದ್ದಳು. ಇವತ್ತು ಆರೋಪ ಹೊತ್ತು ಕೂತವರು ಅವಳ ಸ್ವಂತ ದೊಡ್ಡಪ್ಪ. 

ಸಂಗೀತ ಶಾಲೆಯ ಹಳೆಯ ಚೆಲ್ಲೋ, ಅಂದರೆ ಮಂಡಿಗಳ ನಡುವೆ ನಿಲ್ಲಿಸಿಕೊಂಡು ಬಾರಿಸುವ ಆ ದೊಡ್ಡ ಪಿಟೀಲು, ರಿಪೇರಿಗೆಂದು ದೊಡ್ಡಪ್ಪನ ಅಂಗಡಿಗೆ ಹೋಗಿ ಬಂದಿತ್ತು. ಬಂದ ಮೂರನೇ ದಿನ ತಪಾಸಣೆಗೆ ಬಂದವರು ಅದರ ಬೆನ್ನಿನ ಹಲಗೆಯೇ ಬದಲಾಗಿದೆ ಎಂದು ಬರೆದುಕೊಟ್ಟು ಹೋಗಿದ್ದರು.

ಪ್ರಾಂಶುಪಾಲರ ಮುಂದಿದ್ದ ಕಾಗದದಲ್ಲಿ ನಾಲ್ಕೇ ಸಾಲು. ಅವಕ್ಕೆ ಸಹಿ ಬಿದ್ದರೆ ಸಂಜೆಯೊಳಗೆ ದೊಡ್ಡಪ್ಪನ ಅಂಗಡಿಗೆ ಬೀಗ ಬೀಳುತ್ತದೆ. ಐವತ್ತೆರಡು ವರ್ಷ ಜನರ ವಾದ್ಯಗಳನ್ನು ಮಕ್ಕಳ ಹಾಗೆ ನೋಡಿಕೊಂಡ ಮನುಷ್ಯನ ಹೆಸರಿನ ಹಿಂದೆ ಕಳ್ಳ ಎಂಬ ಎರಡಕ್ಷರ ಅಂಟಿಕೊಳ್ಳುತ್ತದೆ. ಆಮೇಲೆ ಈ ಊರಲ್ಲಿ ಯಾರೂ ಅವರ ಕೈಗೆ ಒಂದು ಆಟಿಕೆ ಪೀಪಿಯನ್ನೂ ಕೊಡುವುದಿಲ್ಲ.

ದೊಡ್ಡಪ್ಪ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಅದನ್ನು ಕಂಡು ಭೂತಗನ್ನಡಿ ಎದ್ದಳು.

“ಸರ್, ಇಲ್ಲಿ ಬನ್ನಿ,” ಎಂದಳು.

ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಕಂಬಳಿ ಹಾಸಿ ಚೆಲ್ಲೋವನ್ನು ಬೋರಲು ಮಲಗಿಸಿದ್ದರು. ಬೆನ್ನಿನ ಮೇಲೆ ಹೊಂಬಣ್ಣದ ಪಾಲಿಶು. ಅದರಡಿಯಲ್ಲಿ ಅಡ್ಡಡ್ಡಕ್ಕೆ ಕಂದು ಗೆರೆಗಳು, ಒಂದು ದಟ್ಟ, ಒಂದು ತೆಳು. ದೂರದಿಂದ ನೋಡಿದರೆ ಅಪ್ಪಟ ಅಲೆ ಮೇಪಲ್, ಅಂದರೆ ಮೈಯಲ್ಲೇ ಅಲೆ ಮೂಡಿರುವ ಮೇಪಲ್ ಮರ.

“ಗೆರೆ ಮೇಲೆ ಕಣ್ಣಿಟ್ಟಿರಿ. ನಾನು ವಾದ್ಯ ಓರೆ ಮಾಡ್ತೀನಿ.”

ಓರೆ ಮಾಡಿದಳು. ಗೆರೆಗಳು ಇದ್ದಲ್ಲೇ ಇದ್ದವು. ಈ ಕಡೆಗೆ ವಾಲಿಸಿದಳು. ಅವು ಕದಲಲಿಲ್ಲ.

ಆಮೇಲೆ ದೊಡ್ಡಪ್ಪನ ಪೆಟ್ಟಿಗೆಯಿಂದ ಒಂದು ಸಣ್ಣ ಪಿಟೀಲು ತೆಗೆದು, ಅದರ ಬೆನ್ನನ್ನು ಅದೇ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು. ಕಪ್ಪಗಿದ್ದ ಗೆರೆ ಬೆಳ್ಳಗಾಯಿತು, ಬೆಳ್ಳಗಿದ್ದದ್ದು ಕಪ್ಪಗಾಯಿತು. ಗಾಳಿಗೆ ರೇಷ್ಮೆ ಬಟ್ಟೆ ಅಲುಗಿದ ಹಾಗೆ ಇಡೀ ಹಲಗೆ ಅಲೆ ಅಲೆಯಾಗಿ ಓಡಿತು.

ಪ್ರಾಂಶುಪಾಲರು ತಮಗೇ ತಿಳಿಯದಂತೆ ಕೈ ಚಾಚಿ ಮುಟ್ಟಿ ನೋಡಿದರು. ಮೈ ಕನ್ನಡಿಯಷ್ಟು ನುಣುಪು.

“ಇದು ಹೇಗೆ?”

ಮರದ ಮಾತು ಬಂದದ್ದೇ ದೊಡ್ಡಪ್ಪನಿಗೆ ಜೀವ ಬಂತು. “ಕೆಲವು ಮೇಪಲ್ ಮರಗಳು ಬೆಳೀತಾ ಬೆಳೀತಾ ನಾರು ನೆಟ್ಟಗೆ ಬಿಡೋದಿಲ್ಲ, ಬಳುಕಿಸ್ತಾ ಹೋಗ್ತವೆ. ಯಾಕೆ ಅಂತ ಮರಕ್ಕೇ ಗೊತ್ತು. ಅದನ್ನ ಕೊಯ್ದಾಗ ಒಂದು ಕಡೆ ನಾರಿನ ಮೈ ಮೇಲೆ ಬರುತ್ತೆ, ಪಕ್ಕದಲ್ಲಿ ನಾರಿನ ತುದಿ. ಮೈ ಬೆಳಕನ್ನ ವಾಪಸ್ ಎಸೆಯುತ್ತೆ, ತುದಿ ನುಂಗಿಬಿಡುತ್ತೆ. ನೀವು ಅಲುಗಿದರೆ ಅದೂ ಅಲುಗುತ್ತೆ. ಪಿಟೀಲಿಗೆ, ಗಿಟಾರಿಗೆ, ಬೀರುವಿನ ಬಾಗಿಲಿಗೆ, ಒಡವೆ ಪೆಟ್ಟಿಗೆಗೆ, ಬಂದೂಕಿನ ಹಿಡಿಗೆ ಕೂಡ ಇದನ್ನೇ ಹುಡುಕ್ಕೊಂಡು ಹೋಗ್ತಾರೆ. ಇನ್ನೊಂದು ಜಾತಿ ಇದೆ, ಮೈ ತುಂಬಾ ಹಕ್ಕಿಕಣ್ಣಿನಂಥ ಚುಕ್ಕಿ...”

“ದೊಡ್ಡಪ್ಪ, ಹಕ್ಕಿಕಣ್ಣು ಆಮೇಲೆ,” ಎಂದು ಭೂತಗನ್ನಡಿ ತಡೆದಳು. ಬಿಟ್ಟರೆ ಹನ್ನೊಂದೂವರೆಯವರೆಗೆ ಹೋಗುವ ವಿಷಯ ಅದು. “ಸರ್, ಶಾಲೆಯ ಚೆಲ್ಲೋ ಮೇಲಿರೋದು ಸಾದಾ ಮರ. ಗೆರೆ ಎಲ್ಲಾ ಕುಂಚದಲ್ಲಿ ಬರೆದಿದ್ದು.”

“ಸರಿಯಮ್ಮ, ಒಪ್ಪಿದೆ. ಬರೆದವರು ಯಾರು?” ಪ್ರಾಂಶುಪಾಲರು ಮತ್ತೆ ಕುರ್ಚಿಗೆ ಹೋಗಿ ಕೂತರು. “ಹಲಗೆ ಬದಲಾಗಿದೆ ಅಂತ ನಾನೂ ಹೇಳ್ತಿರೋದು. ಚೆಲ್ಲೋ ಬೆನ್ನನ್ನ ಒಡೆಯದೆ ಬಿಡಿಸಿ, ಇನ್ನೊಂದನ್ನ ಕೂದಲೆಳೆ ಸಂದಿಲ್ಲದೆ ಅಂಟಿಸೋ ಕೈ ಈ ಊರಲ್ಲಿ ಇರೋದು ಒಂದೇ. ಆ ಕೈ ಇಲ್ಲೇ ಕೂತಿದೆ.”

ಬಾಗಿಲ ಪಕ್ಕದಲ್ಲಿ ಕೂತಿದ್ದ ಚೆಲ್ಲೋ ಟೀಚರ್ ಥಟ್ಟನೆ ತಲೆ ಎತ್ತಿದರು. ನಲವತ್ತರ ಆಸುಪಾಸಿನ ಕಡ್ಡಿ ಶರೀರ, ಮಾತು ಕಡಿಮೆ. ವಾದ್ಯವನ್ನು ಅಂಗಡಿಯಿಂದ ತಂದವರು ಅವರೇ.

“ಅಂಗಡಿಯಲ್ಲಿ ನಾನು ಬಾರಿಸಿ ನೋಡಿದೀನಿ ಸರ್. ದನಿ ಸರಿಯಾಗಿತ್ತು. ಉಗ್ರಾಣದಿಂದ ವಾಪಸ್ ಬಂದಾಗ ಬೀರು ಬಡಿದ ಹಾಗಿತ್ತು.”

“ನಿಮ್ಮ ಕಿವಿಯನ್ನ ನಾನು ಪೊಲೀಸರಿಗೆ ಒಪ್ಪಿಸೋಕಾಗುತ್ತಾ?” ಎಂದರು ಪ್ರಾಂಶುಪಾಲರು. “ಉಗ್ರಾಣದಲ್ಲಿ ಎರಡು ದಿನ ಇತ್ತು ಅನ್ನೋದು ನಿಜ. ಅಲ್ಲಿರೋದು ಯಾರು? ನಮ್ಮ ಕೀಲಿಗೊಂಚಲು. ಅವನಿಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ.”

ಕೀಲಿಗೊಂಚಲು ಎಂದರೆ ಶಾಲೆಯ ಉಗ್ರಾಣದ ಮೇಲ್ವಿಚಾರಕ. ಹನ್ನೊಂದು ವರ್ಷದಿಂದ ಸೊಂಟದಲ್ಲಿ ಇಪ್ಪತ್ತು ಕೀಲಿ ನೇತುಹಾಕಿಕೊಂಡು, ನಡೆದರೆ ದೂರಕ್ಕೆ ಕೇಳಿಸುತ್ತಿದ್ದ ಮನುಷ್ಯ. ಗೋಡೆಗೆ ಒರಗಿ ನಿಂತಿದ್ದವನು ಹಲ್ಲು ಬಿಟ್ಟು ನಕ್ಕ.

“ನಂಗೆ ಮರ ಅಂದ್ರೆ ಸೌದೆ ಮೇಡಂ. ಉರಿಯುತ್ತೆ ಅಂತ ಗೊತ್ತು, ಅಷ್ಟೇ.”

ಭೂತಗನ್ನಡಿ ಅವನ ಮಾತಿಗೆ ತಾನೂ ನಕ್ಕಳು. ಆದರೆ ನಿನ್ನೆ ಅವನ ಉಗ್ರಾಣದಲ್ಲಿ ಕಂಡದ್ದು ಅವಳ ತಲೆಯಲ್ಲಿ ಹುಳು ಬಿಟ್ಟಿತ್ತು.

ಅಲ್ಲಿ ಒಂದು ಮೂಲೆಯಲ್ಲಿ ಮುರಿದ ಬೆಂಚುಗಳ ಹಲಗೆಗಳನ್ನು ಒಟ್ಟಿದ್ದರು. ಯಾರಿಗೂ ಬೇಡದ ಹಲಗೆಗಳು. ಆದರೆ ಅವು ನೆಲಕ್ಕೆ ತಾಗಿರಲಿಲ್ಲ, ಕೆಳಗೆ ಇಟ್ಟಿಗೆ ಇಟ್ಟಿತ್ತು. ಒಂದೊಂದು ಹಲಗೆಯ ನಡುವೆಯೂ ಬೆರಳು ದಪ್ಪದ ಕಡ್ಡಿಗಳು, ಎಲ್ಲವೂ ಒಂದರ ಮೇಲೊಂದು ಒಂದೇ ಸಾಲಿನಲ್ಲಿ. ಗಾಳಿ ಆಡಲಿ, ಮರ ಸೊಟ್ಟಗಾಗದಿರಲಿ ಎಂದು ದೊಡ್ಡಪ್ಪ ತಮ್ಮ ಅಂಗಡಿಯಲ್ಲಿ ಒಟ್ಟುವುದು ಥೇಟ್ ಹಾಗೆಯೇ. ಸೌದೆಗೆ ಯಾರೂ ಅಷ್ಟು ಉಪಚಾರ ಮಾಡುವುದಿಲ್ಲ.

ಆದರೆ ಕಡ್ಡಿ ಇಟ್ಟ ಎಂದು ಹೇಳಿ ಒಬ್ಬನನ್ನು ಕಳ್ಳ ಎನ್ನಲಾಗುವುದಿಲ್ಲ. ಯಾರೋ ಹೇಳಿಕೊಟ್ಟರು ಎಂದು ಜಾರಿಕೊಳ್ಳುತ್ತಾನೆ. ಅವನ ಬಾಯಿಂದ ಹೊರಡಿಸಬೇಕು, ಅದೂ ಈ ಕೋಣೆಯಲ್ಲಿ, ಇವರೆಲ್ಲರ ಎದುರಿಗೆ. ಗಡಿಯಾರ ಹತ್ತೂವರೆ ದಾಟಿತ್ತು.

“ಹಾಗಾದರೆ ನಿನ್ನೆ ಒಪ್ಪಿಕೊಂಡ ಪ್ರಕಾರ ಅದನ್ನಾದರೂ ಮುಗಿಸೋಣ ಸರ್,” ಎಂದಳು.

ನಿನ್ನೆ ಪ್ರಾಂಶುಪಾಲರು ಒಂದು ಷರತ್ತು ಹಾಕಿದ್ದರು. ಇವತ್ತಿನವರೆಗೆ ಕಾಯಬೇಕಾದರೆ, ಚೆಲ್ಲೋ ಬೆನ್ನಿಗೆ ಜಾಮೀನಾಗಿ ದೊಡ್ಡಪ್ಪ ತಮ್ಮ ಅಪ್ಪನ ಕಾಲದಿಂದ ಕಾಪಾಡಿಕೊಂಡು ಬಂದ ಅಲೆ ಮೇಪಲ್ ಹಲಗೆಯನ್ನು ಇವತ್ತು ಬರುವಾಗ ತಂದು ಶಾಲೆಯ ಉಗ್ರಾಣಕ್ಕೆ ಒಪ್ಪಿಸಬೇಕು. ದೊಡ್ಡಪ್ಪ ತಕ್ಷಣ ಒಪ್ಪಿದ್ದರು.

ಭೂತಗನ್ನಡಿ ಚೀಲ ಬಿಚ್ಚಿದಳು. ಒಳಗೆ ಎರಡು ಹಲಗೆ. ಒಂದು ಅಸಲಿ; ಇನ್ನೊಂದು ಸಾಗಿಸುವಾಗ ಅದರ ಅಂಚು ಮುಕ್ಕಾಗದಿರಲೆಂದು ಜೊತೆಗಿಟ್ಟ ಅಷ್ಟೇ ಅಳತೆಯ ಸಾದಾ ಮೇಪಲ್. ಎರಡೂ ಗರಗಸದಿಂದ ಕೊಯ್ದು ಹಾಗೇ ಬಿಟ್ಟ ಒರಟು ಹಲಗೆಗಳು, ಎರಡರ ಮೇಲೂ ವರ್ಷಗಟ್ಟಲೆಯ ಬೂದು ದೂಳು. ಒಂದೇ ಒಂದು ಗೆರೆ ಯಾವುದರಲ್ಲೂ ಕಾಣುತ್ತಿರಲಿಲ್ಲ.

ಅವಳು ಸಾದಾ ಹಲಗೆಯನ್ನು ಎತ್ತಿದಳು.

ದೊಡ್ಡಪ್ಪ ಬಾಯಿ ತೆರೆದರು. ಭೂತಗನ್ನಡಿ ಅವರ ಕಾಲನ್ನು ಮೇಜಿನ ಕೆಳಗೆ ಚೆನ್ನಾಗಿ ತುಳಿದಳು. ಬಾಯಿ ಹಾಗೇ ಮುಚ್ಚಿಕೊಂಡಿತು. ದೊಡ್ಡಪ್ಪನ ಕಾಲು ತುಳಿಯುವುದು ದೊಡ್ಡ ತಪ್ಪೇ, ಆದರೆ ಕ್ಷಮೆ ಕೇಳಲು ಆಗ ಪುರುಸೊತ್ತಿರಲಿಲ್ಲ.

“ತಗೊಳ್ಳಿ, ಅಲೆ ಮೇಪಲ್ ಹಲಗೆ ಒಂದು. ಸುಸ್ಥಿತಿಯಲ್ಲಿ ಬಂದಿದೆ ಅಂತ ಬರೆದು ಸಹಿ ಹಾಕಿ,” ಎಂದು ಅದನ್ನು ಕೀಲಿಗೊಂಚಲಿನ ಕೈಗೆ ಕೊಟ್ಟಳು. ಚೀಟಿಯನ್ನೂ ಮುಂದೆ ತಳ್ಳಿದಳು.

 ಅವನು ಕಣ್ಣು ಮುಚ್ಚಿ ಸಹಿ ಹಾಕಿಬಿಟ್ಟರೆ ಮುಗಿಯಿತು ಕತೆ. ಅಸಲಿ ಅಂತ ಸಾದಾ ಹಲಗೆ ದಾಟಿಸಿದ ಮೋಸವೂ ದೊಡ್ಡಪ್ಪನ ತಲೆಗೇ ಬರುತ್ತದೆ. ಕಳ್ಳನ ಜೊತೆಗೆ ಮೋಸಗಾರ ಅಂತಲೂ ಕರೆಸಿಕೊಳ್ಳಬೇಕು, ಅದೂ ಸ್ವಂತ ತಮ್ಮನ ಮಗಳ ಜಾಣತನದಿಂದ.

ಕೀಲಿಗೊಂಚಲು ಪೆನ್ನು ತೆಗೆದುಕೊಂಡ. ಚೀಟಿಯ ಮೇಲೆ ಬಾಗಿದ. ತಾರೀಖು ಬರೆದ.

ಅಷ್ಟರಲ್ಲಿ ಅವನೊಳಗಿನ ಉಗ್ರಾಣದವನು ಎಚ್ಚೆತ್ತ. ಹನ್ನೊಂದು ವರ್ಷದಲ್ಲಿ ಒಂದು ಸೀಮೆಸುಣ್ಣವನ್ನೂ ಎಣಿಸದೆ ಒಳಗೆ ಬಿಟ್ಟುಕೊಂಡವನಲ್ಲ ಅವನು. ನಾಳೆ ಇದು ಅದಲ್ಲ, ಅದು ಇದಲ್ಲ ಎಂದು ತಕರಾರು ಬಂದರೆ ಸಿಕ್ಕಿಬೀಳುವುದು ತಾನೇ. ಪೆನ್ನನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಹಲಗೆ ಎತ್ತಿಕೊಂಡ.

ಎತ್ತಿಕೊಂಡವನು ಬಲಗೈ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡ. ಹಲಗೆಯ ಮೂಲೆಯಲ್ಲಿ, ಮೊಟ್ಟೆಯಷ್ಟು ಜಾಗವನ್ನು ದೂಳು ಹೋಗುವ ಹಾಗೆ ಉಜ್ಜಿದ. ಕಿಟಕಿಯ ಕಡೆ ತಿರುಗಿ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓರೆ ಮಾಡಿದ.

“ಏ, ಇದರಲ್ಲಿ ಏನೂ ಇಲ್ವಲ್ಲ!” ಎಂದ. “ಇದು ಸಾದಾ. ಆ ಇನ್ನೊಂದು ಕೊಡಿ.”

ಪ್ರಾಂಶುಪಾಲರು ಅವನತ್ತ ತಿರುಗಿದರು.

ಭೂತಗನ್ನಡಿ ಕನ್ನಡಕ ತೆಗೆದು, ಸಾವಕಾಶವಾಗಿ ಒರೆಸಿ, ಮತ್ತೆ ಹಾಕಿಕೊಂಡಳು. ಈ ಒಂದು ನಿಮಿಷವನ್ನು ಅವಳು ಅನುಭವಿಸಬೇಕಿತ್ತು.

“ಸರ್, ಈ ಎರಡು ಹಲಗೆಯಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತಾ ನಿಮಗೆ?”

ಪ್ರಾಂಶುಪಾಲರು ಎದ್ದು ಬಂದು ನೋಡಿದರು. ಬಗ್ಗಿ ನೋಡಿದರು. “ಎರಡೂ ಒಂದೇ. ದೂಳು ಹಿಡಿದ ಹಲಗೆ.”

“ಟೀಚರ್, ನಿಮಗೆ?”

“ಇಲ್ಲ.”

“ನನಗೂ ಕಾಣಲ್ಲ. ಒಣಗಿದ ಒರಟು ಮೇಪಲ್ ಅಲೆಯನ್ನ ಒಳಗೆ ಮುಚ್ಚಿಟ್ಟುಕೊಂಡಿರುತ್ತೆ. ಒದ್ದೆಯಾದರೆ ಮಾತ್ರ ಬಿಟ್ಟುಕೊಡೋದು. ಇದು ಮರ ಕೊಯ್ದು, ಹೆರೆದು, ವರ್ಷಗಟ್ಟಲೆ ಕೈ ಸವೆಸಿದವರಿಗೆ ಗೊತ್ತಿರೋ ವಿಷಯ. ಸೌದೆ ಉರಿಯುತ್ತೆ ಅಂತ ಮಾತ್ರ ಗೊತ್ತಿರೋ ಮನುಷ್ಯನ ಹೆಬ್ಬೆರಳಿಗೆ ಹೇಗೆ ಗೊತ್ತಾಯ್ತು?”

ಕೀಲಿಗೊಂಚಲು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅದಿನ್ನೂ ಒದ್ದೆಯಾಗಿತ್ತು. ಪ್ಯಾಂಟಿಗೆ ಒರೆಸಿಕೊಂಡ, ತಡವಾಗಿತ್ತು.

“ಅದು... ಈ ದೊಡ್ಡೋರು ಮಾಡೋದು ನೋಡಿದೀನಿ. ಅವರ ಅಂಗಡಿಗೆ ಸಾಮಾನು ತರೋಕೆ ಹೋದಾಗ.”

“ನನ್ನ ಅಂಗಡೀಲಾ?” ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಕಳ್ಳ ಎಂದಾಗ ಸುಮ್ಮನಿದ್ದವರು ಈಗ ಕೆಂಡವಾಗಿದ್ದರು. “ನನ್ನ ಅಂಗಡೀಲಿ ಮರಕ್ಕೆ ಎಂಜಲು ಹಚ್ಚೋದಾ? ನಮ್ಮಪ್ಪ ಇದ್ದಿದ್ದರೆ ಕಿವಿ ಹಿಂಡಿ ಬೀದಿಗೆ ಬಿಡ್ತಿದ್ದರು! ಒದ್ದೆ ಬಟ್ಟೆ ಕಣಯ್ಯ, ಒದ್ದೆ ಬಟ್ಟೆ! ಎಂಜಲು ಹಚ್ಚೋರು ಬಂದೂಕಿನ ಹಿಡಿ ಮಾಡೋರು. ನೂರಾರು ಹಿಡಿ ಸರಸರ ಆರಿಸಬೇಕಲ್ಲ, ಬಟ್ಟೆ ಹುಡುಕೋಕೆ ಅವರಿಗೆ ಪುರುಸೊತ್ತಿರಲ್ಲ.”

ಕೀಲಿಗೊಂಚಲಿನ ಮುಖದಿಂದ ನಗು ಇಳಿದುಹೋಯಿತು. ಗೋಡೆಗೆ ಒರಗಿಕೊಂಡೇ ಜಾರಿ, ನೆಲದ ಮೇಲೆ ಕೂತ. ಸೊಂಟದ ಕೀಲಿಗಳು ಝಣ್ ಎಂದವು.

“ಒಂಬತ್ತು ವರ್ಷ,” ಎಂದ, ತಗ್ಗಿದ ದನಿಯಲ್ಲಿ. “ಬಂದೂಕಿನ ಕಾರ್ಖಾನೇಲಿ. ಅದು ಮುಚ್ಚಿಹೋಯ್ತು. ಮರದ ಕೆಲಸ ಬರುತ್ತೆ ಅಂದರೆ ಬೆಂಚು ರಿಪೇರಿ, ಕುರ್ಚಿ ರಿಪೇರಿ ಅಂತ ಎಲ್ಲಾ ನನ್ನ ತಲೆಗೇ ಕಟ್ತಾರೆ ಅಂತ ಇಲ್ಲಿ ಹೇಳಲೇ ಇಲ್ಲ.”

“ಆ ಬೆನ್ನು ಯಾಕೆ ಬೇಕಾಯ್ತು ನಿನಗೆ?” ಎಂದು ಭೂತಗನ್ನಡಿ ಕೇಳಿದಳು.

“ಹನ್ನೊಂದು ವರ್ಷ ಅದನ್ನ ಹೊರಗೆ ತೆಗೆದೆ, ಒಳಗೆ ಇಟ್ಟೆ. ಇಲ್ಲಿ ಒಬ್ಬರಾದರೂ ತಿರುಗಿಸಿ ನೋಡಿದಾರಾ ಮೇಡಂ? ಯಾವಾಗಲೂ ಗೋಡೆ ಕಡೆಗೆ ಬೆನ್ನು ಹಾಕಿ ನಿಲ್ಲಿಸೋರು. ಅಂಥಾ ಅಲೆ ನಾನು ಒಂಬತ್ತು ವರ್ಷದಲ್ಲಿ ಒಂದು ಹಿಡಿಯಲ್ಲೂ ಕಂಡಿರಲಿಲ್ಲ. ಅಳತೆ ತಗೊಂಡು ಮೂರು ತಿಂಗಳು ಕೂತು ಇನ್ನೊಂದು ಮಾಡಿಟ್ಟುಕೊಂಡೆ. ಇವರ ಅಂಗಡಿಗೆ ರಿಪೇರಿಗೆ ಹೋಗಿ ಬರಲಿ, ಆಮೇಲೆ ಬದಲಾಯಿಸಿದರೆ ಅನುಮಾನ ನನ್ನ ಕಡೆ ಬರಲ್ಲ ಅಂದುಕೊಂಡೆ.” ಅವನು ತಲೆ ಎತ್ತಿ ದೊಡ್ಡಪ್ಪನನ್ನು ನೋಡಿದ. “ತಪ್ಪಾಯ್ತು. ಆದರೆ ಗೆರೆ... ಗೆರೆ ಬರೆದದ್ದು ಹೇಗಿದೆ?”

ದೊಡ್ಡಪ್ಪ ಕೋಪದಲ್ಲೇ ಚೆಲ್ಲೋ ಕಡೆ ಒಮ್ಮೆ ನೋಡಿದರು. ಕೆಲಸಗಾರನಿಗೆ ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ.

“ಕೆಟ್ಟದಾಗಿಲ್ಲ,” ಎಂದರು. “ಅಂಟು ಕೂಡ ಚೆನ್ನಾಗಿ ಕೂರಿಸಿದೀಯ, ಹಾಳಾದವನೇ.”

ಪ್ರಾಂಶುಪಾಲರು ಮೇಜಿನ ಬಳಿ ಹೋಗಿ ಆ ನಾಲ್ಕು ಸಾಲಿನ ಕಾಗದವನ್ನು ಎತ್ತಿಕೊಂಡರು. ಎರಡು ಮಾಡಿ ಹರಿದರು, ಆಮೇಲೆ ನಾಲ್ಕು. ದೊಡ್ಡಪ್ಪನ ಎದುರು ಬಂದು ನಿಂತು ಎರಡೂ ಕೈಗಳನ್ನು ಹಿಡಿದುಕೊಂಡರು.

“ದೊಡ್ಡ ತಪ್ಪು ಮಾಡ್ತಿದ್ದೆ. ಶಾಲೆಯ ಎಲ್ಲಾ ವಾದ್ಯಗಳೂ ಇನ್ನು ಮುಂದೆ ನಿಮ್ಮ ಕೈಯಲ್ಲೇ. ತಪಾಸಣೆಯವರಿಗೆ ಇವತ್ತೇ ಬರೀತೀನಿ, ನಿಮ್ಮ ಹೆಸರು ಹಾಕಿ ಬರೀತೀನಿ.”

ದೊಡ್ಡಪ್ಪನಿಗೆ ಅಳು ಬಂತು. ಅದನ್ನು ಅವರು ಮುಚ್ಚಿಡಲೂ ಹೋಗಲಿಲ್ಲ. ಭೂತಗನ್ನಡಿಯ ಕನ್ನಡಕ ಎರಡನೇ ಸಲ ಒರೆಸಬೇಕಾಯಿತು. ಹತ್ತು ಐವತ್ತು. ಇನ್ನೂ ಹತ್ತು ನಿಮಿಷ ಮಿಕ್ಕಿದ್ದವು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕುವುದಿಲ್ಲವಲ್ಲ ಎಂದು ಅವಳಿಗೆ ಬೇಸರವಾಯಿತು.

“ಎಲ್ಲಿಟ್ಟಿದೀಯ ಅದನ್ನ?” ಎಂದಳು.

ಐದೂ ಜನ ಉಗ್ರಾಣಕ್ಕೆ ನಡೆದರು. ಕೀಲಿಗೊಂಚಲು ಸರಿಯಾದ ಕೀಲಿ ಹುಡುಕುತ್ತಿರುವಾಗಲೇ ಟೀಚರ್ ಅವನಿಂದ ಕೀಲಿಗಳನ್ನು ಇಸಿದುಕೊಂಡು ಒಳಗಿನ ಕಬ್ಬಿಣದ ಬೀರು ತೆರೆದರು. ಹಳೆಯ ಪರದೆಗಳ ಹಿಂದೆ, ಎರಡು ಪದರ ಕಂಬಳಿ ಸುತ್ತಿ ನಿಲ್ಲಿಸಿದ್ದ. ಕಳ್ಳನಾದರೂ ಮರಕ್ಕೆ ಚಳಿಯಾಗದ ಹಾಗೆ ನೋಡಿಕೊಂಡಿದ್ದ.

ದೊಡ್ಡಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಒಯ್ದರು. ಬೆಳಿಗ್ಗೆಯ ಬೆಳಕು ಬಿದ್ದದ್ದೇ ತಡ, ಹೊಂಬಣ್ಣದ ಆ ದೊಡ್ಡ ಬೆನ್ನು ತುದಿಯಿಂದ ತುದಿಗೆ ಹೊತ್ತಿಕೊಂಡಿತು. ಓರೆ ಮಾಡಿದಂತೆ ಅಲೆಗಳು ನಡುಗೆರೆಯಿಂದ ಎರಡೂ ಕಡೆಗೆ ಓಡಿದವು, ವಾಪಸ್ ಬಂದವು, ಮತ್ತೆ ಓಡಿದವು. ಒಂದೇ ಮರದ ತುಂಡನ್ನು ಪುಸ್ತಕದ ಹಾಗೆ ಸೀಳಿ ತೆರೆದು ಜೋಡಿಸಿದ್ದರಿಂದ ಎಡಕ್ಕಿದ್ದದ್ದೇ ಬಲಕ್ಕೂ ಇತ್ತು. ಪ್ರಾಂಶುಪಾಲರು ಚಪ್ಪಾಳೆ ತಟ್ಟಿದರು. ನೆಲ ನೋಡುತ್ತಿದ್ದ ಕೀಲಿಗೊಂಚಲಿಗೂ ತಲೆ ಎತ್ತದೆ ಇರಲಾಗಲಿಲ್ಲ.

“ಗೆದ್ದೆ ಕಣೇ ಮಗಳೇ,” ಎಂದರು ದೊಡ್ಡಪ್ಪ. ಎನ್ನುತ್ತಲೇ, ಅಭ್ಯಾಸಬಲದಿಂದ, ಹಲಗೆಯನ್ನು ಮಗುಚಿ ಒಳಮೈ ಮೇಲೆ ಅಂಗೈ ಆಡಿಸಿದರು.

ಅಂಗೈ ನಿಂತಿತು. ಮತ್ತೊಮ್ಮೆ ಆಡಿಸಿದರು.

“ಏನಾಯ್ತು ದೊಡ್ಡಪ್ಪ?”

“ಅಲೆ ಅಸಲಿ. ಮರವೂ ಅದೇ ಜಾತಿ, ಒಂದೇ ದಿಮ್ಮಿಯ ಅಕ್ಕತಂಗಿ ಇರಬೇಕು.” ಅವರ ದನಿ ಕುಸಿದಿತ್ತು. “ಆದರೆ ಇದು ನನ್ನ ಹತ್ತಿರ ರಿಪೇರಿಗೆ ಬಂದಿದ್ದಲ್ಲ. ಅದರ ಒಳಗಡೆ ಬಿರುಕು ಬಿಟ್ಟಿತ್ತು. ನನ್ನ ಕೈಯಾರೆ ನಾಲ್ಕು ತೇಪೆ ಅಂಟಿಸಿದ್ದೆ. ಇಲ್ಲಿ ತೇಪೆಯೂ ಇಲ್ಲ, ಬಿರುಕೂ ಇಲ್ಲ.”

ಎಲ್ಲರೂ ಕೀಲಿಗೊಂಚಲಿನ ಕಡೆ ತಿರುಗಿದರು. ಅವನು ಬಿಳಿಚಿಕೊಂಡಿದ್ದ.

“ನನ್ನ ಮಕ್ಕಳಾಣೆ, ಬುಧವಾರ ಬೆಳಿಗ್ಗೆ ನನ್ನ ಕೈಗೆ ಬಂದ ಚೆಲ್ಲೋದಿಂದ ಬಿಡಿಸಿದ್ದು ಇದೇ. ಬೇರೆ ನಾನು ನೋಡೇ ಇಲ್ಲ!”

ಬುಧವಾರ ಬೆಳಿಗ್ಗೆ. ಭೂತಗನ್ನಡಿಯ ತಲೆಯಲ್ಲಿ ಏನೋ ಛಟ್ಟೆಂದಿತು. ದೊಡ್ಡಪ್ಪನ ಅಂಗಡಿಯಿಂದ ಚೆಲ್ಲೋ ಹೊರಟದ್ದು ಮಂಗಳವಾರ ಮಧ್ಯಾಹ್ನ. ಅಂಗಡಿಯಿಂದ ಶಾಲೆಗೆ ನಡೆದರೆ ಇಪ್ಪತ್ತು ನಿಮಿಷ.

ಅವಳು ತಿರುಗಿದಳು. ಟೀಚರ್ ಉಗ್ರಾಣದ ಬಾಗಿಲನ್ನು ಒಳಗಿನಿಂದ ಮುಚ್ಚಿ, ಕೀಲಿ ತಿರುಗಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು.

“ಟೀಚರ್, ಮಂಗಳವಾರ...”

“ಈ ಪ್ರಶ್ನೆಗೆ ಇಷ್ಟು ಹೊತ್ತು ಬೇಕಾಯ್ತಾ?” ಎಂದರು ಟೀಚರ್. ಅವರ ದನಿಯಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ. “ನಿಮ್ಮ ದೊಡ್ಡಪ್ಪ ತೇಪೆ ಹಾಕಿದ ಚೆಲ್ಲೋ ಭದ್ರವಾಗಿದೆ. ಬುಧವಾರ ಉಗ್ರಾಣಕ್ಕೆ ಕೊಟ್ಟಿದ್ದು ಅದರ ಹಾಗೇ ಇರೋ ಇನ್ನೊಂದು. ನಾನು ಕದ್ದಿಲ್ಲ, ಬಚ್ಚಿಟ್ಟಿದೀನಿ. ಇವರ ಕೈಗೆ ಸಿಕ್ಕಿ ಮಾರಾಟ ಆಗಬಾರದು ಅಂತ.”

ಅವರ ಬೆರಳು ತೋರಿಸಿದ್ದು ಕೀಲಿಗೊಂಚಲನ್ನಲ್ಲ.

ಈಗಷ್ಟೇ ಚಪ್ಪಾಳೆ ತಟ್ಟಿದ್ದ ಪ್ರಾಂಶುಪಾಲರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. “ಕೀಲಿ ಕೊಡಿ,” ಎಂದರು. ಆ ದನಿ ಇಷ್ಟು ಹೊತ್ತು ಅವರ ಬಾಯಿಂದ ಕೇಳಿದ ದನಿಯೇ ಆಗಿರಲಿಲ್ಲ.

ಟೀಚರ್ ಗೊಂಚಲನ್ನು ಅವರ ತಲೆಯ ಮೇಲಿಂದ ಎಸೆದರು. ಭೂತಗನ್ನಡಿ ಅದನ್ನು ಗಾಳಿಯಲ್ಲೇ ಹಿಡಿದಳು.